ಗಿರ್ಮಿಟ್ ರಿಂಗ್ ದಾಟಿತು, ಗೋಲ್ ಮಾತ್ರ ಇನ್ನೂ ಆಗಿಲ್ಲ

ನಮ್ಮ ಪಡಸಾಲೆಯ ಗೋಲ್ಡ್‌ಫಿಶ್ ಗಿರ್ಮಿಟ್‌ಗೆ ನಾಲ್ಕು ತಿಂಗಳು ತಾಲೀಮು ಕೊಟ್ಟ ಲೆಕ್ಕ ಇದು. ರಿಂಗಿನೊಳಗಿಂದ ಹಾಯುವುದು ಬಂದಿದೆ. ಚೆಂಡು ತಳ್ಳುವುದರಲ್ಲಿ ಸಿಕ್ಕಿಬಿದ್ದಿದ್ದೇನೆ. ನನ್ನ ಕಸುಬು ಮೋಟಾರ್ ವೈಂಡಿಂಗ್. ಅಂಗಡಿ ಗೋಕುಲ ರಸ್ತೆ ಕಡೆ, ಮನೆ ಹಳೇ ಹುಬ್ಬಳ್ಳಿ. ಯಾವ ಮೋಟಾರ್ ಬಿಚ್ಚಿದರೂ ಸುತ್ತು ಎಷ್ಟು, ತಂತಿ ಯಾವ ಗೇಜ್ ಅಂತ ಮೊದಲು ಬರೆದುಕೊಳ್ಳುವ ಚಟ. ಅದೇ ಚಟಕ್ಕೆ ಮಗಳ ಹಳೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಮೀನಿನದ್ದೂ ಬರೆಯುತ್ತ ಬಂದೆ.

ಕಿಡಿ ಹಚ್ಚಿದವಳು ಮಗಳು. 2022ರಲ್ಲಿ ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದವರು ಗಾಲಿ ಗಾಡಿಯ ಮೇಲೆ ನೀರಿನ ತೊಟ್ಟಿ ಇಟ್ಟು, ಒಳಗಿನ ಗೋಲ್ಡ್‌ಫಿಶ್ ಯಾವ ಕಡೆ ಈಜಿದರೆ ಆ ಕಡೆ ಗಾಡಿ ಓಡುವಂತೆ ಮಾಡಿದ್ದರು. ಗುರಿ ಮುಟ್ಟಿದರೆ ಮೀನಿಗೆ ಅದರ ತಿಂಡಿಯ ಒಂದು ಕಾಳು. ಆ ವಿಡಿಯೊ ನೋಡಿದ ದಿನದಿಂದ "ಅಪ್ಪಾ, ನಮ್ಮ ಗಿರ್ಮಿಟ್ ಏನ ಕಡಿಮಿ ಐತಿ?" ಅಂತ ಬೆನ್ನು ಹತ್ತಿದಳು. ಹೆಸರೂ ಅವಳೇ ಇಟ್ಟದ್ದು. ಕೇಸರಿ ಮೈ, ನಡುವೆ ಬಿಳಿ, ಅಲ್ಲಲ್ಲಿ ಕಪ್ಪು ಚುಕ್ಕಿ. ಪುಟಾಣಿ ಹಿಟ್ಟು ಉದುರಿಸಿದ ಚುರಮುರಿ ಗಿರ್ಮಿಟ್ ಪ್ಲೇಟಿನ ಹಾಗೇ ಕಾಣುತ್ತದೆ. ಬಾಲ ಸೇರಿ 7 ಸೆಂ.ಮೀ. ಉದ್ದ.

ಮೊದಲು ತೊಟ್ಟಿ, ನೀರು

ಗಾಜಿನ ತೊಟ್ಟಿ 24×12×15 ಇಂಚು. ಮೇಲೆ 2 ಇಂಚು ಬಿಟ್ಟು ತುಂಬಿದರೆ ಸುಮಾರು 61 ಲೀಟರ್. ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್. ನವೆಂಬರಿನಲ್ಲಿ ತಂದಾಗ ಮೀನು ಎರಡಿದ್ದವು. ನಳದ ನೀರನ್ನು ಬಂದ ಹಾಗೆ ತುಂಬಿದ್ದಕ್ಕೆ ಮೂರನೇ ದಿನ ಒಂದು ಹೋಯಿತು. ತಪ್ಪು ನನ್ನದೇ. ನಮ್ಮ ಓಣಿಗೆ ಮಲಪ್ರಭೆ ನೀರು ಆರು ದಿನಕ್ಕೊಮ್ಮೆ ಬರುತ್ತದೆ, ಬಂದಾಗ ಮೊದಲ ಕೊಡದಲ್ಲಿ ಬ್ಲೀಚಿಂಗ್ ವಾಸನೆ ಮೂಗಿಗೆ ಹೊಡೆಯುತ್ತದೆ. ಈಗ 50 ಲೀಟರಿನ ಬ್ಯಾರಲ್ಲಿನಲ್ಲಿ ಹಿಡಿದು, ಬಾಯಿ ತೆರೆದು ಒಂದೂವರೆ ದಿನ ಇಟ್ಟು, ಆಂಟಿ-ಕ್ಲೋರಿನ್ ಹನಿ ಹಾಕಿ, ಆಮೇಲೆ 15 ಲೀಟರ್ ಬದಲಿಸುತ್ತೇನೆ. ನಮ್ಮ ಮನೆಯಲ್ಲಿ ಮೀನಿನ ಪಂಚಾಂಗ ನೀರು ಬಂದ ದಿನದಿಂದ ಎಣಿಕೆ.

ಫೆಬ್ರುವರಿ 2, ಭಾನುವಾರ: ಕಾಳು ಎಣಿಸಿದ್ದು

ತಾಲೀಮಿಗೆ ಮುಂಚೆ ಒಂದು ವಾರ ಬರೀ ಎಣಿಕೆ. ಅಲ್ಲಿಯವರೆಗೆ ಚಿಟಿಕೆ ಲೆಕ್ಕದಲ್ಲಿ ಹಾಕುತ್ತಿದ್ದೆವು. ಎಣಿಸಿ ನೋಡಿದರೆ ನನ್ನ ಚಿಟಿಕೆ 30 ಕಾಳು, ಮಗಳದ್ದು 18, ಅವ್ವನದ್ದು 50ರ ಮೇಲೆ. ಗೋಲ್ಡ್‌ಫಿಶ್‌ಗೆ ಹೊಟ್ಟೆಯ ಚೀಲ ಇಲ್ಲ, ತಿಂದದ್ದು ನೇರ ಕರುಳಿಗೆ ಇಳಿಯುತ್ತದೆ. ಹಾಗಾಗಿ ಒಮ್ಮೆಗೇ ಸುರಿಯುವುದಕ್ಕಿಂತ ಸಣ್ಣ ಸಣ್ಣ ತುತ್ತು ಒಳ್ಳೆಯದು, ತಾಲೀಮಿಗೂ ಅದೇ ಬೇಕು. ದಿನಕ್ಕೆ 24 ಕಾಳು ಅಂತ ಗಟ್ಟಿ ಮಾಡಿದೆ: ಬೆಳಿಗ್ಗೆ 7ಕ್ಕೆ 12, ರಾತ್ರಿ 8ಕ್ಕೆ 12. ಇದರ ಹೊರತು ಬೇರೆ ಊಟ ಇಲ್ಲ. ತೇಲುವ ಕಾಳು ಬಿಟ್ಟು ಮುಳುಗುವ 1 ಮಿ.ಮೀ. ಕಾಳು ತಂದೆ, 100 ಗ್ರಾಮಿಗೆ 120 ರೂಪಾಯಿ. ತೇಲುವುದನ್ನು ತಿನ್ನುವಾಗ ಗಾಳಿಯನ್ನೂ ನುಂಗುತ್ತಿತ್ತು.

ಫೆಬ್ರುವರಿ 9ರಿಂದ 16: ಕಾಳು ಕೊಡುವ ಸಾಧನ

ಸರಿಯಾದ ಕೆಲಸ ಮಾಡಿದ ಕ್ಷಣಕ್ಕೇ ಮೂತಿಯ ಮುಂದೆ ಕಾಳು ಬೀಳಬೇಕು. ಬೆರಳಿನಿಂದ ಹಾಕಿದರೆ ಫಿಲ್ಟರಿನ ಸೆಳೆತಕ್ಕೆ ಎಲ್ಲೆಲ್ಲೋ ಹೋಗುತ್ತದೆ. ಅಂಗಡಿಯಿಂದ ಬಂದ ಕೈಯಲ್ಲಿ ಗ್ರೀಸ್ ಬೇರೆ. ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ ಕೊಟ್ಟೆ, ಎರಡು ಸಲ ಕಾಳು ಬಿಟ್ಟು ಕಡ್ಡಿಯನ್ನೇ ಜಗ್ಗಿತು. ಮೂರನೆಯದು 10 ಎಂ.ಎಲ್. ಸಿರಿಂಜಿಗೆ 4 ಮಿ.ಮೀ. ಒಳ ಅಳತೆಯ ಏರ್ ಟ್ಯೂಬ್. ಕಾಳನ್ನು ಅರೆದು ನೀರಲ್ಲಿ ಕಲಸಿ ತುಂಬಿದೆ. ಐದು ನಿಮಿಷಕ್ಕೆ ಕೆಸರಾಗಿ ಕಟ್ಟಿಕೊಂಡಿತು, ಜೋರಾಗಿ ಒತ್ತಿದ್ದಕ್ಕೆ ಟ್ಯೂಬ್ ಕಳಚಿ ಗೋಡೆಗೆ ಪಿಚಕಾರಿ. ಆಮೇಲೆ ಅರೆಯುವುದು ಬಿಟ್ಟು, ಇಡೀ ಕಾಳನ್ನೇ ಎರಡು ನಿಮಿಷ ನೆನೆಸಿ ಒಂದೊಂದಾಗಿ ಎಳೆದುಕೊಂಡೆ. ನೆನೆದ ಕಾಳು 2 ಮಿ.ಮೀ. ಮೀರುವುದಿಲ್ಲ, ಸಲೀಸಾಗಿ ಜಾರುತ್ತದೆ. ಸ್ವಲ್ಪ ಒತ್ತಿದರೆ ಒಂದು ಕಾಳು.

ಸಿರಿಂಜ್ 15, ಟ್ಯೂಬ್ 2 ಮೀಟರ್ 30, ಗಾಜಿಗೆ ಅಂಟುವ ರಬ್ಬರ್ ಬಟ್ಟಲು ಎರಡು 20 ರೂಪಾಯಿ. ಪ್ರತಿ ಸಲ ತೊಳೆಯದಿದ್ದರೆ ಕಾಳಿನ ಎಣ್ಣೆಗೆ ಸಿರಿಂಜಿನ ರಬ್ಬರ್ ಉಬ್ಬಿ ಬಿಗಿಯುತ್ತದೆ. ಈವರೆಗೆ ಮೂರು ಸಿರಿಂಜ್ ಎಸೆದಿದ್ದೇನೆ.

ಫೆಬ್ರುವರಿ 17ರಿಂದ ಮಾರ್ಚ್ 5: ಬೆಳಕಿನ ಗುರುತು

ಕಾಳು ಬಾಯಿಗೆ ಹೋಗುವಷ್ಟರಲ್ಲಿ ಒಂದೆರಡು ಸೆಕೆಂಡ್ ಕಳೆದುಹೋಗುತ್ತದೆ. "ಇದೇ, ಈಗ ಮಾಡಿದ್ದೇ ಸರಿ" ಅಂತ ಹೇಳಲು ಒಂದು ಗುರುತು ಬೇಕು. ಗಾಜು ತಟ್ಟಿದರೆ ಬೆದರುತ್ತದೆ. 60 ರೂಪಾಯಿಯ ಟಾರ್ಚ್ ತಂದು ಅರ್ಧ ಸೆಕೆಂಡ್ ಮಿನುಗಿಸಿದೆ. ನೇರ ಕಣ್ಣಿಗೇ ಬಿಟ್ಟಿದ್ದೆ. ಮೂಲೆ ಸೇರಿದ್ದು ಸಂಜೆಯವರೆಗೆ ಹೊರಗೆ ಬರಲಿಲ್ಲ. ಮರುದಿನ ತೊಟ್ಟಿಯ ಪಕ್ಕದ ಗಾಜಿಗೆ ಬಟರ್ ಪೇಪರ್ ಅಂಟಿಸಿ ಅದರ ಹಿಂದಿನಿಂದ ಹಾಕಿದೆ. ಬೆಳಕು ಹರಡಿ ಮೆತ್ತಗಾಯಿತು, ಮೀನು ಸುಮ್ಮನಿತ್ತು.

ಬೆಳಕು, ಹಿಂದೆಯೇ ಕಾಳು. ಒಂದು ಹೊತ್ತಿಗೆ 12 ಸಲ. ನಾಲ್ಕನೇ ದಿನಕ್ಕೇ ಬೆಳಕು ಕಂಡೊಡನೆ ಟ್ಯೂಬಿನ ಕಡೆ ತಿರುಗತೊಡಗಿತು. ನಾನು ಹಿಗ್ಗಿ ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದೆ. ಫೆಬ್ರುವರಿ 26ಕ್ಕೆ ಪರೀಕ್ಷೆ: ಸಿರಿಂಜ್ ಕೆಳಗಿಟ್ಟು ಬರೀ ಟಾರ್ಚ್ ಮಿನುಗಿಸಿದೆ. ಹತ್ತು ಸಲದಲ್ಲಿ ಒಂದು ಸಲವೂ ತಿರುಗಲಿಲ್ಲ.

ಮಗಳು ಮೊಬೈಲಿನಲ್ಲಿ ಹಿಡಿದ ವಿಡಿಯೊ ನಿಧಾನ ಮಾಡಿ ತೋರಿಸಿದಳು. "ಅಪ್ಪಾ, ಇಲ್ಲೆ ನೋಡು. ಲೈಟ್ ಹಚ್ಚೂಕಿಂತ ಮೊದ್ಲ ನೀ ಸಿರಿಂಜ್ ಎತ್ತತಿ. ಅದು ಅವಾಗನ ಹೊಳ್ಳತೈತಿ." ನಿಜ. ಒಂಬತ್ತು ದಿನ ನಾನು ಕಲಿಸಿದ್ದು ನನ್ನ ಬಲಗೈ ಎತ್ತುವುದನ್ನು. ಬೆಳಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಟ್ಯೂಬನ್ನು ರಬ್ಬರ್ ಬಟ್ಟಲಿನಿಂದ ಎಡಗಡೆಯ ಗಾಜಿಗೆ ಖಾಯಂ ಕೂರಿಸಿ, ಸಿರಿಂಜನ್ನು ಮೇಜಿನ ಕೆಳಗೆ ತಂದು, ಮತ್ತೆ ಒಂದರಿಂದ ಶುರು ಮಾಡಿದೆ. ಮಾರ್ಚ್ 5ಕ್ಕೆ ಬರೀ ಬೆಳಕಿಗೆ 10ಕ್ಕೆ 9. ಈ ಎಡಗಡೆ ಅನ್ನುವುದು ಮುಂದೆ ಕಾಡುತ್ತದೆ, ನೆನಪಿಟ್ಟುಕೊಳ್ಳಿ.

ಮಾರ್ಚ್ 6ರಿಂದ 29: ಕೆಂಪು ಮಣಿ

ತೋರಿಸಿದ ಕಡೆ ಮೀನು ಬರುವಂತೆ ಕಲಿಸಲು ತೆಂಗಿನ ಕಸಬರಿಗೆಯ ಕಡ್ಡಿಯ ತುದಿಗೆ ಕೆಂಪು ಮಣಿ, 12 ಮಿ.ಮೀ. ಗೋಲ್ಡ್‌ಫಿಶ್‌ಗೆ ಕೆಂಪು ಚೆನ್ನಾಗಿ ಕಾಣುತ್ತದೆ. ಬಳೆ ಅಂಗಡಿಯಲ್ಲಿ 5 ರೂಪಾಯಿಗೆ ತಂದ ಮೊದಲನೆಯ ಮಣಿ ರಾತ್ರಿ ಲೋಟದಲ್ಲಿ ನೆನೆಸಿಟ್ಟದ್ದಕ್ಕೆ ನೀರೆಲ್ಲ ಗುಲಾಬಿ ಮಾಡಿತು. ತೊಟ್ಟಿಗೆ ಹಾಕುವ ಮುಂಚೆ ನೆನೆಸಿ ನೋಡುವ ಬುದ್ಧಿ ಅವತ್ತು ಹೇಗೆ ಬಂತೋ. ಮಗಳ ಹಳೇ ಸರದಿಂದ ಬಣ್ಣ ಒಳಗೇ ಇರುವ ಪ್ಲಾಸ್ಟಿಕ್ ಮಣಿ ತೆಗೆದು ಹಾಕಿದೆ.

ಮಣಿ ಕಡೆ ತಿರುಗಿದರೆ ಬೆಳಕು, ಕಾಳು. ಆಮೇಲೆ 5 ಸೆಂ.ಮೀ. ಹತ್ತಿರ ಬಂದರೆ ಮಾತ್ರ. ಆಮೇಲೆ ಮೂತಿ ತಾಗಿದರೆ ಮಾತ್ರ. ಮಾರ್ಚ್ 10ರ ಹೊತ್ತಿಗೆ ತಾಗುವ ಹಂತದಲ್ಲಿತ್ತು, ಅಷ್ಟರಲ್ಲಿ ಹೋಳಿಯ ಹಲಗಿ ಬಡಿತ ಶುರುವಾಯಿತು.

ಹುಬ್ಬಳ್ಳಿಯಲ್ಲಿ ಹೋಳಿ ಹುಣ್ಣಿವೆಗೆ ಮುಂಚಿನಿಂದ ರಂಗಪಂಚಮಿ ಮುಗಿಯುವವರೆಗೆ ಹುಡುಗರ ಕೈಯಲ್ಲಿ ಹಲಗಿ. ನಮ್ಮ ಮನೆ ಕಾಮಣ್ಣನ ಕಟ್ಟೆಗೆ ನಾಲ್ಕು ಮನೆ ಈಚೆ. ಗೋಲ್ಡ್‌ಫಿಶ್ ಸೇರಿದ ಕಾರ್ಪ್ ಜಾತಿಯ ಮೀನುಗಳಿಗೆ ಕಿವಿ ಬಲು ಚುರುಕು. ಗಾಳಿಚೀಲದ ನಡುಕವನ್ನು ಸಣ್ಣ ಎಲುಬುಗಳ ಸಾಲೊಂದು ಒಳಗಿವಿಗೆ ಮುಟ್ಟಿಸುತ್ತದೆ. ಹಲಗಿಯ ಪೆಟ್ಟು ಬಿದ್ದಾಗೊಮ್ಮೆ ತೊಟ್ಟಿಯ ನೀರಿನ ಮೇಲೆ ಸಣ್ಣ ಗೆರೆ ಏಳುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಗಿರ್ಮಿಟ್ ಫಿಲ್ಟರಿನ ಹಿಂದೆ ರೆಕ್ಕೆ ಮಡಚಿ ಕೂತಿತು. 13ನೇ ತಾರೀಕು ರಾತ್ರಿ 12ರಲ್ಲಿ 2 ಕಾಳು ತಿಂದಿತು, 14ಕ್ಕೆ ಏನೂ ಇಲ್ಲ. ತೊಟ್ಟಿಯ ಅಡಿ ಎರಡು ಪದರ ಥರ್ಮಾಕೋಲ್ ಹಾಕಿದೆ, ಮೂರು ಕಡೆ ಹೊದಿಕೆ ಸುತ್ತಿದೆ. ಚೂರು ಫರಕು. ಹುಡುಗರಿಗೆ ಹೋಗಿ ಹೇಳುವ ಮುಖ ನನಗಿಲ್ಲ, ನಾನೂ ಇದೇ ಕಟ್ಟೆಯ ಮೇಲೆ ಹಲಗಿ ಬಾರಿಸಿದವನು. 19ಕ್ಕೆ ರಂಗಪಂಚಮಿ ಮುಗಿಯಿತು, 20ರಿಂದ ಮತ್ತೆ ತಾಲೀಮು.

ಇಲ್ಲೊಂದು ತಪ್ಪು: ಮಣಿಯನ್ನು ದಿನವೂ ಬಲ ಮೂಲೆಯಲ್ಲೇ ಇಳಿಸುತ್ತಿದ್ದೆ, ನನ್ನ ಕುರ್ಚಿ ಅಲ್ಲಿತ್ತು ಅಂತ. ಒಂದು ದಿನ ನಡುವೆ ಇಳಿಸಿದರೆ ಗಿರ್ಮಿಟ್ ಬಲ ಮೂಲೆಗೆ ಹೋಗಿ ಖಾಲಿ ನೀರಿಗೆ ಮೂತಿ ತಾಗಿಸಿ ಟ್ಯೂಬಿನ ಕಡೆ ಓಡಿತು. ಎಂಟು ಜಾಗ ಗುರುತು ಮಾಡಿ ಅದಲು ಬದಲು ಇಳಿಸಿದ ಮೇಲೆ ಮಾರ್ಚ್ 29ಕ್ಕೆ 12ಕ್ಕೆ 11.

ಮಾರ್ಚ್ 30, ಯುಗಾದಿ: ಎಡವಟ್ಟು

ಬೀಗರು ಬಂದಿದ್ದರು. ಎಲ್ಲರಿಗೂ ಮೀನಿನ ಆಟ ನೋಡಬೇಕು. ಬೆಳಗಿನಿಂದ ಸಂಜೆವರೆಗೆ ಐದು ಸಲ ತೋರಿಸಿದೆ, 60 ಕಾಳು. ನಾನೇ ಹಾಕಿದ ಕಟ್ಟಳೆ ನಾನೇ ಮುರಿದೆ. ಅದರ ಮೇಲೆ ಅವ್ವ ಒಂದು ಚಿಟಿಕೆ ಚುರಮುರಿ ಹಾಕಿದಳು. "ಹೆಸರು ಗಿರ್ಮಿಟ್ ಅಂತ ಇಟ್ಟೀರಿ, ನಾಕ ಕಾಳ ಚುರಮುರಿ ತಿಂದ್ರ ಏನ ಆಕ್ಕತಿ?"

ಮರುದಿನ ಮುಂಜಾನೆ ಗಿರ್ಮಿಟ್ ಬಾಲ ಮೇಲೆ, ತಲೆ ಕೆಳಗೆ. ಕೆಳಗಿಳಿಯಲು ಒದ್ದಾಡುತ್ತಿತ್ತು, ಬಿಟ್ಟರೆ ಬೆಂಡಿನ ಹಾಗೆ ಮೇಲಕ್ಕೇ. ಹೊಟ್ಟೆ ಎರಡೂ ಪಕ್ಕ ಉಬ್ಬಿತ್ತು. ಎರಡು ದಿನ ಊಟ ಬಂದ್ ಮಾಡಿದೆ. "ಏಕಾದಶಿ ಇನ್ನೂ ಒಂದ ವಾರ ಐತಿ, ಮೀನಿಗೆ ಈಗ ಉಪವಾಸ ಹಚ್ಚಿಯೇನೋ?" ಅಂದಳು ಅವ್ವ. ಬೈಗುಳ ಅಲ್ಲ, ದನಿಯಲ್ಲಿ ಅಳುಕಿತ್ತು. ಮೂರನೇ ದಿನ ಒಂದು ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಕಾಲು ಭಾಗ ಚೂರು ಮಾಡಿ ಕೊಟ್ಟೆ. ಸಂಜೆ ಉದ್ದನೆಯ ಹಸಿರು ಎಳೆ ಹೊರಬಿತ್ತು. ಅದನ್ನು ಮೊದಲು ಕಂಡವಳೂ ಅವ್ವನೇ, ಪೂಜೆ ಬಿಟ್ಟು ಕರೆದಳು. ಏಪ್ರಿಲ್ 4ಕ್ಕೆ ಮೀನು ನೆಟ್ಟಗಾಯಿತು.

ಅವತ್ತಿನಿಂದ ಕಾಳಿನ ಡಬ್ಬಿ ಅವ್ವನ ವಶ. ದಿನಾ ಬೆಳಿಗ್ಗೆ ಹಳೇ ಕುಂಕುಮ ಭರಣಿಗೆ 24 ಎಣಿಸಿ ಹಾಕಿಡುತ್ತಾಳೆ. 25ನೆಯದು ಕೇಳಿದರೆ ನನಗೂ ಸಿಗುವುದಿಲ್ಲ.

ಏಪ್ರಿಲ್ 6ರಿಂದ 27: ರಿಂಗ್

ಮೊದಲ ರಿಂಗನ್ನು ಅಂಗಡಿಯ 16 ಗೇಜ್ ವೈಂಡಿಂಗ್ ತಂತಿಯಲ್ಲಿ ಸುತ್ತಿದೆ. 10 ಸೆಂ.ಮೀ. ಅಗಲ, ಕೈ ಪಳಗಿದ ಕೆಲಸ, ಒಳ್ಳೆ ಕಡಗದ ಹಾಗೆ ಹೊಳೆಯುತ್ತಿತ್ತು. ತೊಟ್ಟಿಗೆ ಇಳಿಬಿಟ್ಟು ಮರುದಿನ ದುರ್ಗದಬೈಲ್ ಕಡೆ ಮೀನಿನ ಅಂಗಡಿಯವನ ಮುಂದೆ ಕೊಚ್ಚಿಕೊಂಡೆ. ಅವನ ಮುಖ ಬದಲಾಯಿತು. "ತಾಮ್ರಾ? ಅಣ್ಣಾರ, ಮೊದ್ಲ ಹೋಗಿ ತಗೀರಿ. ಮೀನಿನ ರೋಗಕ್ಕ ತಾಮ್ರದ ಔಷಧ ನಾವ ಹನಿ ಲೆಕ್ಕದಾಗ ಹಾಕತೇವಿ, ನೀವ ಕಡಾನ ಮಾಡಿ ಇಟ್ಟೀರಲ್ಲ." ತಂತಿಗೆ ವಾರ್ನಿಶ್ ಇದೆ ಅಂತ ನಾನು ನಂಬಿದ್ದು. ಬಗ್ಗಿಸಿದಲ್ಲಿ ವಾರ್ನಿಶ್ ಬಿರುಕು ಬಿಡುತ್ತದೆ, ಕತ್ತರಿಸಿದ ತುದಿ ಬರೀ ತಾಮ್ರ. ಇಪ್ಪತ್ತು ವರ್ಷ ಅದೇ ತಂತಿ ಸುತ್ತಿದವನಿಗೆ ಇದು ಹೊಳೆಯಲಿಲ್ಲ. ಎರಡು ದಿನದಲ್ಲಿ ಎರಡು ಸಲ 15 ಲೀಟರ್ ಬದಲಿಸಿದೆ. ಬ್ಯಾರಲ್ ಖಾಲಿ, ಮನೆಯವಳ ಕಣ್ಣು ಕೆಂಪು.

ಎರಡನೆಯದು ಪ್ಲಾಸ್ಟಿಕ್ ಮುಚ್ಚಳದ ಅಂಚು ಕೊರೆದದ್ದು. ದಾರದಲ್ಲಿ ತೂಗುಬಿಟ್ಟರೆ ಗಿರಗಿರ ತಿರುಗುತ್ತದೆ. ಮೂರನೆಯದು ನಿಂತಿತು: 110 ಮಿ.ಮೀ. ಪಿ.ವಿ.ಸಿ. ಪೈಪಿನಿಂದ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದ 2 ಸೆಂ.ಮೀ. ಬಳೆ. ಅಂಚನ್ನು 400 ನಂಬರ್ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಟೈಲ್ಸ್ ಚೂರಿನ ಮೇಲೆ ಸಿಲಿಕೋನಿನಲ್ಲಿ ನಿಲ್ಲಿಸಿ, ಹುಳಿ ವಾಸನೆ ಹೋಗುವ ತನಕ ಎರಡು ದಿನ ಒಣಗಿಸಿದೆ. ಖರ್ಚು ಸೊನ್ನೆ, ಎಲ್ಲ ಮನೆಯ ಚೂರುಪಾರು. ತೊಟ್ಟಿಗಿಟ್ಟು ಎರಡು ದಿನ ಏನೂ ಹೇಳಿಕೊಡಲಿಲ್ಲ, ಕಣ್ಣಿಗೆ ರೂಢಿಯಾಗಲಿ ಅಂತ.

ರಿಂಗಿನ ಆಚೆ ಮಣಿ ಹಿಡಿದರೆ ಮೀನು ಪಕ್ಕದಿಂದ ಸುತ್ತಿ ಬಂದು ಮುಟ್ಟುತ್ತದೆ. 30 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 11 ಸೆಂ.ಮೀ. ರಿಂಗ್, ಎರಡೂ ಕಡೆ ದಾರಿ ತೆರೆದೇ ಇದೆ, ಅದರ ತಪ್ಪೇನು? ಪಾರದರ್ಶಕ ಫೈಲ್ ಹಾಳೆ ಅಡ್ಡ ಇಟ್ಟೆ, ಕಾಣದೆ ಮೂತಿ ಬಡಿದುಕೊಂಡಿತು. ನೀಲಿ ಫೈಲ್ ಕತ್ತರಿಸಿ ಇಟ್ಟ ಮೇಲೆ ರಿಂಗಿನ ಬಾಯಿಗೆ ಬಂತು.

ಆಮೇಲಿನದು ಈ ಇಡೀ ನಾಲ್ಕು ತಿಂಗಳಲ್ಲಿ ನನ್ನನ್ನು ಹೆಚ್ಚು ಸತಾಯಿಸಿದ ತಪ್ಪು. ತಲೆ ರಿಂಗಿನೊಳಗೆ ಬಂದ ಕೂಡಲೇ ಖುಷಿಗೆ ಟಾರ್ಚ್ ಒತ್ತಿಬಿಡುತ್ತಿದ್ದೆ. ಮೂರು ದಿನ ಹೀಗೆ. ನಾಲ್ಕನೇ ದಿನ ಗಿರ್ಮಿಟ್ ರಿಂಗಿನ ಮುಂದೆ ಬಂದು, ಕಿವಿರಿನವರೆಗೆ ತಲೆ ತೂರಿಸಿ, ಎದೆಯ ರೆಕ್ಕೆ ಮುಂದಕ್ಕೆ ಬೀಸಿ ಹಿಂದೆ ಜಾರಿ, ಟ್ಯೂಬಿನ ಕಡೆ ಓಡಿತು. ಕಿಟಕಿಯಲ್ಲಿ ಇಣುಕಿ "ಸಾಹೇಬ್ರ ಅದಾರೇನ್ರೀ?" ಅಂತ ಕೇಳಿ ಹೋಗುವ ಹಾಗೆ. ಹತ್ತು ಸಲಕ್ಕೆ ಹತ್ತು ಸಲ. ಅದರ ಲೆಕ್ಕದಲ್ಲಿ ಪಾಠ ಪಕ್ಕಾ ಆಗಿತ್ತು, ಬೆಳಕು ಬಿದ್ದದ್ದು ಅಲ್ಲಿಗೇ ತಾನೇ. ಮರೆಸಲು ಆರು ದಿನ ಹಿಡಿಯಿತು. ಬಾಲದ ತುದಿ ದಾಟುವವರೆಗೆ ಬೆಳಕಿಲ್ಲ ಅಂತ ಹಟ ಹಿಡಿದಾಗ ಎರಡು ಹೊತ್ತು ಒಂದು ಕಾಳೂ ಗಳಿಸದೆ ಕೂತಿತು, ಅವ್ವನಿಗೂ ನನಗೂ ಮಾತು ನಿಂತಿತು. ಕೊನೆಗೆ ಮಣಿಯನ್ನು ರಿಂಗಿನಿಂದ 10 ಸೆಂ.ಮೀ. ಆಚೆ ಇಟ್ಟ ಮೇಲೆ ಪೂರ್ತಿ ದಾಟಿತು. ಏಪ್ರಿಲ್ 20ಕ್ಕೆ 12ಕ್ಕೆ 10. ನೀಲಿ ಹಾಳೆಯನ್ನು ದಿನಕ್ಕೆ 2 ಸೆಂ.ಮೀ. ಕತ್ತರಿಸುತ್ತ ಹೋದೆ. 27ಕ್ಕೆ ಹಾಳೆಯೂ ಇಲ್ಲ, ಮಣಿಯೂ ಇಲ್ಲ, 12ಕ್ಕೆ 9.

ನಡುವೆ ಏಪ್ರಿಲ್ 17ರ ರಾತ್ರಿ. ಗುಳ್ಳೆಗಳ ಸೆಳೆತ ತಪ್ಪಲಿ ಅಂತ ತಾಲೀಮಿನ ಐದು ನಿಮಿಷ ಏರ್ ಪಂಪ್ ಆರಿಸುತ್ತಿದ್ದೆ. ಅವತ್ತು ಕರೆಂಟ್ ಹೋಯಿತು, ಎದ್ದು ಮೇಣದಬತ್ತಿ ಹುಡುಕಲು ಹೋದವನು ಸ್ವಿಚ್ ಮರೆತೇಬಿಟ್ಟೆ. ಬೆಳಿಗ್ಗೆ ನೀರು 29 ಡಿಗ್ರಿ, ಗಿರ್ಮಿಟ್ ಮೇಲ್ಮೈಯಲ್ಲಿ ಬಾಯಿ ಕಳೆದು ಏದುಸಿರು ಬಿಡುತ್ತಿತ್ತು. ಬಿಸಿ ನೀರಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಪಂಪ್ ಹಾಕಿ, 20 ಲೀಟರ್ ಬದಲಿಸಿ, ಅರ್ಧ ತಾಸು ಪಕ್ಕದಲ್ಲೇ ಕೂತೆ. ಆಮೇಲೆ ಮಾಡಿದ ರಿಪೇರಿ ಒಂದು ಮೊಳೆ: ಸಿರಿಂಜ್ ನೇತುಹಾಕುವ ಮೊಳೆಯನ್ನು ಪಂಪಿನ ಸ್ವಿಚ್ ಪಕ್ಕಕ್ಕೇ ಹೊಡೆದೆ. ಸಿರಿಂಜ್ ಇಡಲು ಹೋದರೆ ಸ್ವಿಚ್ ಕಣ್ಣಿಗೆ ಬೀಳಲೇಬೇಕು.

ಮೇ 1ರಿಂದ ಈವರೆಗೆ: ಚೆಂಡು

ಟೇಬಲ್ ಟೆನಿಸ್ ಚೆಂಡು, 20 ರೂಪಾಯಿ. ತೇಲುತ್ತದೆ, ತಳ್ಳಲು ಹೋಗಿ ಮತ್ತೆ ಗಾಳಿ ನುಂಗತೊಡಗಿತು. ಎರಡೇ ದಿನಕ್ಕೆ ನಿಲ್ಲಿಸಿದೆ. 22 ಮಿ.ಮೀ. ಟೊಳ್ಳು ಪ್ಲಾಸ್ಟಿಕ್ ಮಣಿಗೆ ತೊಳೆದ ಉಸುಕು ತುಂಬಿ, ತೂತಿಗೆ ಸಿಲಿಕೋನ್ ಬಡಿದೆ. ಪೂರ್ತಿ ತುಂಬಿದ್ದು ಕಲ್ಲಿನ ಹಾಗೆ ಕೂತಿತು. ಸ್ವಲ್ಪ ಕಡಿಮೆ ತುಂಬಿದ್ದು ಮೆಲ್ಲಗೆ ಮುಳುಗುತ್ತದೆ, ಮೂತಿ ತಾಗಿದರೆ ಉರುಳುತ್ತದೆ. ಅಡಿಯ ಹರಳುಗಳಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಅರ್ಧ ತೊಟ್ಟಿ ಖಾಲಿ ಮಾಡಿ 20×20 ಸೆಂ.ಮೀ. ಟೈಲ್ಸ್ ಹಾಸಿದೆ. ಬಲಗಡೆ 8 ಸೆಂ.ಮೀ. ಅಗಲದ ಗೋಲ್, ಅದೂ ಪಿ.ವಿ.ಸಿ. ಪಟ್ಟಿ.

ಚೆಂಡಿನ ಮೇಲೆ ಕೆಂಪು ಮಣಿ ಹಿಡಿದರೆ ಮಣಿಯನ್ನಷ್ಟೇ ಮುಟ್ಟುತ್ತದೆ. ಮಣಿಯನ್ನು ದಿನದಿನಕ್ಕೂ ಚೆಂಡಿನ ಹಿಂದೆ ಅಡಗಿಸುತ್ತ ಹೋದೆ. ಮೇ 14ಕ್ಕೆ ಮೊದಲ ಸಲ ಚೆಂಡಿಗೆ ಮೂತಿ ತಾಗಿತು, ಅದು 2 ಸೆಂ.ಮೀ. ಉರುಳಿತು. ಮಗಳು ಕಿರುಚಿದ್ದಕ್ಕೆ ಮೀನು ಓಡಿಹೋಯಿತು.

ಅಲ್ಲಿಂದ ಗಾಡಿ ಮುಂದೆ ಹೋಗಿಲ್ಲ. ಜೂನ್ 1ರ ಲೆಕ್ಕ: 12 ಸಲದಲ್ಲಿ 11 ಸಲ ತಾಗಿಸಿತು, ಗೋಲಿನ ಕಡೆ 1, ಎಡಕ್ಕೆ 10. ಟ್ಯೂಬ್ ಎಡಗಡೆ ಇದೆಯಲ್ಲ. ಚೆಂಡಿನ ಬಲಕ್ಕೆ ನಿಂತು, ಊಟದ ದಿಕ್ಕಿಗೇ ಮುಖ ಮಾಡಿ ತಳ್ಳುತ್ತದೆ. ತಾಗಿಸಿದ ಕೂಡಲೇ ಓಡಲು ಅದೇ ಹತ್ತಿರದ ದಾರಿ. ಗೋಲ್‌ಪೋಸ್ಟ್ ಎಡಕ್ಕೆ ಸರಿಸಿಬಿಡು ಅಂತಾಳೆ ಮಗಳು. ಎಡಗಡೆ ಹರಳು, ಫಿಲ್ಟರ್. ಚೆಂಡು ಉರುಳಲು ಜಾಗವಿಲ್ಲ. ಟ್ಯೂಬನ್ನೇ ಗೋಲಿನ ಹಿಂದಕ್ಕೆ ಒಯ್ಯಬೇಕು. ಅದಕ್ಕೆ ಇನ್ನೊಂದು ಮೀಟರ್ ಟ್ಯೂಬ್, 15 ರೂಪಾಯಿ. ಮುಚ್ಚಳದ ಬಲ ಮೂಲೆಯಲ್ಲಿ 6 ಮಿ.ಮೀ. ತೂತು ಕೊರೆಯಬೇಕು. ಕೊರೆದ ಪುಡಿ ನೀರಿಗೆ ಬೀಳಬಾರದು, ಮುಚ್ಚಳ ಅಂಗಡಿಗೆ ಒಯ್ಯಬೇಕು. ನೀರು ನಾಡಿದ್ದು ಬರುತ್ತದೆ, ಅವತ್ತು ಹೇಗೂ ಮುಚ್ಚಳ ತೆಗೆಯುವುದಿದೆ.